ಗಡಿಯಲ್ಲಿ ಕೂತ ಟೆಲಿಫೋನು

ಬಾಳೆಗದ್ದೆಯ ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿ ಬಹಳ ಕಾಲವಾಯಿತು. ಹಾಲಿನ ಡೈರಿಯ ಪಕ್ಕದ ಆ ಒಂದೇ ಕೋಣೆಯನ್ನು ಈಗ ಡೈರಿಯವರೇ ತೆಗೆದುಕೊಳ್ಳುತ್ತಾರೆ, ಒಳಗಿನ ಹಳೆಯ ಸಾಮಾನನ್ನೆಲ್ಲ ಹೊರಗೆ ಹಾಕುತ್ತಿದ್ದಾರೆ ಎಂದು ಕೇಳಿ ಕಳೆದ ತಿಂಗಳು ಜೀಪಿನಲ್ಲಿ ಹೋಗಿದ್ದೆ. ನನಗೆ ಅಲ್ಲಿ ಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ, ಕ್ಯೂರಿಯಾಸಿಟಿ ಎಂದು ಡ್ರೈವರ್‌ಗೆ ಹೇಳಿದೆ. ಅಂಗಳದಲ್ಲಿ ತುಕ್ಕು ಹಿಡಿದ ಬೀರು, ಒಡೆದ ಬ್ಯಾಟರಿ, ವೈರಿನ ಸುರುಳಿ ಬಿದ್ದಿದ್ದವು. ಅವುಗಳ ಮಧ್ಯೆ ಒಂದು ಬೆಂಚು, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಿಚ್ಚಿ ಮಾಡಿಸಿದ್ದು. ಈ ವಯಸ್ಸಿನಲ್ಲಿ ಬೆಂಚು ಕಂಡ ಮೇಲೆ ಕೂರದೆ ಇರುವುದು ಕಷ್ಟ, ಕೂತೆ. ಉಸಿರು ಸುಧಾರಿಸಿಕೊಳ್ಳುವಾಗ ಆ ವಾಸನೆ ಬಂತು. ಹುಳಕ್ಕೆ ಹೊಡೆಯುವ ಗಮಾಕ್ಸಿನ್ ಪುಡಿ. ಮೊದಲು ಮುಗ್ಗಲು ಹಿಡಿದ ಮಣ್ಣಿನ ಹಾಗೆ, ಆಮೇಲೆ ಗಂಟಲು ಕೆರೆಯುವ ಘಾಟು.

"ಇಷ್ಟು ವರ್ಷ ಎಲ್ಲಿ ಉಳೀತೈತೆ ಅಮ್ಮ, ನಿಮಗೆ ಹಂಗನ್ನಿಸ್ತೈತೆ" ಎಂದ ಡ್ರೈವರ್.

ಇರಬಹುದು. ಆದರೆ ನಾನು ಬೆಂಚಿನಿಂದ ತಟ್ಟನೆ ಎದ್ದುಬಿಟ್ಟಿದ್ದೆ. ಅವನು ಕೈಹಿಡಿದು ಜೀಪಿಗೆ ಹತ್ತಿಸಬೇಕಾಯಿತು.

ಅದು ಸಾವಿರದ ಒಂಬೈನೂರ ತೊಂಬತ್ತನಾಲ್ಕು. ನಮ್ಮ ಕಾಫಿ ತೋಟ ಯಸಳೂರಿನಿಂದ ಒಳಕ್ಕೆ, ಬಾಳೆಗದ್ದೆ ಮತ್ತು ಹೊನ್ನೆಕೊಪ್ಪಲು ಎಂಬ ಎರಡು ಊರುಗಳ ನಡುವೆ ಇದೆ. ಎರಡೂ ಊರಿನ ಗಡಿ ಕೂಡುವ ಕಲ್ಲು ನಮ್ಮ ಗೇಟಿನ ಹೊರಗೇ ನಿಂತಿದೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ನಾನು ಅದನ್ನು ಮೈಲಿಗಲ್ಲು ಎಂದುಕೊಂಡು, ಎಷ್ಟು ಮೈಲಿ ಎಂದು ಬರೆದಿಲ್ಲವಲ್ಲ ಎಂದು ಕೇಳಿದ್ದೆ. ನಮ್ಮತ್ತೆ ದೇವೀರಮ್ಮನವರು ವಾರಗಟ್ಟಲೆ ನಕ್ಕಿದ್ದರು.

ನಮಗಿದ್ದದ್ದು ಒಬ್ಬಳೇ ಮಗಳು, ವೀಣಾ. ಕೆಮಿಸ್ಟ್ರಿ ಓದಿದವಳು. ಆ ವರ್ಷ ಸೂರತ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನ ಲ್ಯಾಬಿನಲ್ಲಿ ಟ್ರೈನಿಂಗಿಗೆ ಹೋಗಿದ್ದಳು. "ಸೀರೆ ಅದ್ದಾಕೆ ಅಷ್ಟು ಓದ್ಬೇಕಿತ್ತೇನೆ?" ಎಂದು ಅತ್ತೆ ಅವಳನ್ನು ರೇಗಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಅವಳ ಫೋನು. ಆಗ ಬಾಳೆಗದ್ದೆಯಲ್ಲಿದ್ದದ್ದು ಕೈಯಿಂದ ವೈರು ಚುಚ್ಚಿ ಕನೆಕ್ಷನ್ ಕೊಡುವ ಹಳೆಯ ಬೋರ್ಡು. ಅದರ ಮುಂದೆ ಕೂರುತ್ತಿದ್ದವನು ರಂಗಪ್ಪ. ಯಾರ ಮಾತಾದರೂ ಮೊದಲು ಅವನ ಕಿವಿಗೆ ಬಿದ್ದು ಆಮೇಲೆ ನಮಗೆ. "ಅಮ್ಮಾವ್ರೇ, ವೀಣಮ್ಮಂಗೆ ನೆಗಡಿ ಆಗೈತಂತೆ, ಮೆಸ್ಸಿನ ಊಟ ಸೇರ್ತಿಲ್ವಂತೆ, ತಡೀರಿ ಕೊಡ್ತೀನಿ" ಎಂದು ಸುದ್ದಿಯೆಲ್ಲ ಹೇಳಿ ಮುಗಿಸಿಯೇ ಮಗಳನ್ನು ಕೊಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಪ್ರೈವಸಿ ಎಂಬುದೊಂದು ಇಲ್ಲವೇ ಎಂದು ನಮ್ಮವರ ಹತ್ತಿರ ಗೊಣಗುತ್ತಿದ್ದೆ.

ಆಗಸ್ಟ್‌ನಲ್ಲಿ ರಂಗಪ್ಪ ಮನೆಗೇ ಬಂದ. "ಆಟೋಮ್ಯಾಟಿಕ್ ಬರ್ತೈತೆ ಅಮ್ಮಾವ್ರೇ. ಇನ್ಮ್ಯಾಲೆ ನೀವೇ ತಿರುಗ್ಸಿ, ನೀವೇ ಮಾತಾಡಿ. ನನ್ನ ಹಂಗೇ ಇಲ್ಲ" ಎಂದ. ಮುಖ ಮಾತ್ರ ಸಪ್ಪೆಯಾಗಿತ್ತು. ಹೊಸ ಯಂತ್ರ ಉತ್ತರದ ಯಾವುದೋ ಕಾರ್ಖಾನೆಯಿಂದ ಹೊರಟಿದೆ, ಇನ್ನೇನು ಬಂತು ಎಂದು ಹೇಳಿ ಇಲಾಖೆಯವರು ಹಳೆಯ ಬೋರ್ಡನ್ನು ಕಿತ್ತು ಲಾರಿಗೆ ಹಾಕಿಕೊಂಡು ಹೋದರು. ಕೋಣೆ ಖಾಲಿಯಾಯಿತು, ನಮ್ಮ ಹಾಲ್‌ನಲ್ಲಿದ್ದ ಕಪ್ಪು ಫೋನು ಸತ್ತಿತು. ಗೌರಿ ಹಬ್ಬ ಬಂತು, ಹೋಯಿತು. ಕೇಳಿದಾಗಲೆಲ್ಲ ರಂಗಪ್ಪ "ದಾರೀಲೈತೆ" ಎನ್ನುತ್ತಿದ್ದ. ವೀಣಾಳ ಕಾಗದ ಬರುತ್ತಿತ್ತು, ನಿಧಾನವಾಗಿ. ನಾನು ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ.

ಸೆಪ್ಟೆಂಬರ್ ಕೊನೆಯ ಆ ಸಂಜೆ ಮಳೆ ಬಿಟ್ಟಿತ್ತು. ಗಿಡಗಳಿಂದ ನೀರು ತೊಟ್ಟಿಕ್ಕುವ ಸದ್ದು. ನಮ್ಮವರು ರೇಡಿಯೋ ಹಾಕಿದ್ದರು. ಸೂರತ್ ಎಂಬ ಹೆಸರು ಕೇಳಿ ನಾನು ಅಡಿಗೆಮನೆಯಿಂದ ಹೊರಗೆ ಬಂದೆ. ಅದರ ಹಿಂದೆಯೇ ಇನ್ನೊಂದು ಶಬ್ದ ಬಂತು. ಕಿಟಕಿಯ ಹತ್ತಿರ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದ ಅತ್ತೆ ತಲೆಯೆತ್ತಿದರು.

"ಏನಂದ ಅವ್ನು?"

"ಪ್ಲೇಗಂತೆ ಅವ್ವ, ಸೂರತ್‌ನಲ್ಲಿ" ಎಂದರು ನಮ್ಮವರು.

ಅತ್ತೆ ಮೊರ ಕೆಳಗಿಟ್ಟರು. "ಇಲಿ ಬಿತ್ತಂತಾ?"

ಅವರು ಹುಡುಗಿಯಾಗಿದ್ದಾಗ ಇಲಿ ಬಿದ್ದು ಊರಿಗೆ ಊರೇ ಖಾಲಿ ಮಾಡಿ ಗದ್ದೆ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಅವರ ತಮ್ಮ ಆ ಗುಡಿಸಲಿನಿಂದ ವಾಪಸು ಬರಲಿಲ್ಲ. ಆ ಕಥೆಯನ್ನು ಮೊದಲೂ ಹೇಳಿದ್ದರು, ಕಥೆ ಹೇಳುವ ಹಾಗೆ. ಅವತ್ತು ಹೇಳಲಿಲ್ಲ. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ, ವೀಣಾಳ ಹೆಸರೂ ಎತ್ತದೆ ಕೂತರು. ಅವರು ಹೆಸರೆತ್ತದೆ ಇದ್ದದ್ದು ನನ್ನನ್ನು ಹೆಚ್ಚು ಹೆದರಿಸಿತು.

ಮರುದಿನ ಸಕಲೇಶಪುರಕ್ಕೆ ಓಡಿದೆವು. ನಮ್ಮವರು ಟೆಲಿಗ್ರಾಂ ಕೊಡಲು ಪೋಸ್ಟ್ ಆಫೀಸಿಗೆ ಹೋದರು. ನಾನು ಬಸ್ ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿನಲ್ಲಿ ಕ್ಯೂ ನಿಂತೆ. ಹಾಸ್ಟೆಲಿನ ನಂಬರು ತಿರುಗಿಸಿದರೆ ಒಂದೇ ಹೆಂಗಸಿನ ದನಿ: ಈ ಮಾರ್ಗದ ಯಾವ ಲೈನಿಗೂ ಬಿಡುವಿಲ್ಲ. ಮತ್ತೆ ತಿರುಗಿಸಿದೆ, ಮತ್ತೆ. ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬಿಡುವಿಲ್ಲ. ಅಷ್ಟು ಪೊಲೈಟ್ ಆದ ದನಿ. ಅದನ್ನು ಹೊಡೆಯಬೇಕು ಅನ್ನಿಸಿತು.

"ಯಾವೂರಿಗೆ ಮೇಡಂ?" ಎಂದು ಬೂತಿನವನು ಕೇಳಿದ. ಹೇಳಿದೆ. ನನ್ನ ಹಿಂದೆ ನಿಂತಿದ್ದವರು ಒಂದೆರಡು ಹೆಜ್ಜೆ ಹಿಂದಕ್ಕೆ ಹೋದರು. ಫೋನಿನ ವೈರಿನೊಳಗಿಂದಲೇ ರೋಗ ಇಳಿದು ಬರುತ್ತದೆ ಎಂಬಂತೆ. ನಾನು ಹೊರಗೆ ಬಂದ ಮೇಲೆ ಅವನು ರಿಸೀವರನ್ನು ಡೆಟಾಲ್ ಹಾಕಿ ಒರೆಸಿದ್ದನ್ನು ಗಾಜಿನಲ್ಲಿ ಕಂಡೆ. ಅವತ್ತು ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನನ್ನ ಸೆರಗಿನಿಂದ ನನ್ನ ಕಿವಿಯನ್ನೇ ಒರೆಸಿಕೊಂಡೆ.

ಟೆಲಿಗ್ರಾಂಗೆ ಉತ್ತರ ಬರಲಿಲ್ಲ. ಅಲ್ಲಿಂದ ಜನ ರೈಲಿನ ಮೇಲೆಲ್ಲ ಹತ್ತಿ ಓಡುತ್ತಿದ್ದಾರೆ ಎಂದು ಪೇಪರಿನಲ್ಲಿ ಬಂತು. ಫೋಟೋ ಹಾಕಿದ್ದರು, ಎಲ್ಲರ ಬಾಯಿಗೂ ಕರ್ಚೀಫು. ಬರೀ ಕಣ್ಣುಗಳು. ಭೂತಗನ್ನಡಿ ಹಿಡಿದು ಒಂದೊಂದೇ ಜೊತೆ ಕಣ್ಣು ನೋಡುತ್ತಿದ್ದೆ. ನಮ್ಮವರು "ಡೋಂಟ್ ಬಿ ಸಿಲ್ಲಿ" ಎನ್ನುತ್ತಿದ್ದರು. ನಾನು ಎದ್ದು ಹೋದ ಮೇಲೆ ಅವರೂ ನೋಡುತ್ತಿದ್ದರು.

ಆ ಸಮಯದಲ್ಲೇ ಟೆಲಿಫೋನಿನ ಹೊಸ ಯಂತ್ರ ಬಂತು. ಅಬ್ಬಾಸ್ ಸಕಲೇಶಪುರದವರು, ನಮ್ಮ ಕಡೆಯ ಕಾಫಿ, ಮೆಣಸು ಎಲ್ಲ ಸಾಗುತ್ತಿದ್ದದ್ದು ಅವರ ಲಾರಿಯಲ್ಲೇ. ಹಾಸನದಲ್ಲಿ ಇಳಿಸಿದ್ದ ನಾಲ್ಕು ದೊಡ್ಡ ಮರದ ಪೆಟ್ಟಿಗೆಗಳನ್ನು ಬಾಳೆಗದ್ದೆಗೆ ತಂದುಕೊಟ್ಟರು. ಜನ ಸೇರಿದರು. ಟೀ ಕುಡಿಯುತ್ತಾ ಯಾರೋ "ಯಾಕಿಷ್ಟು ತಡ?" ಎಂದು ಕೇಳಿದ್ದಕ್ಕೆ ಅಬ್ಬಾಸ್ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು: ಉತ್ತರದಿಂದ ಬಂದ ದೊಡ್ಡ ಲಾರಿ ಸೂರತ್ ಹತ್ತಿರ ಸಿಕ್ಕಿಹಾಕಿಕೊಂಡಿತ್ತು, ಡ್ರೈವರ್ ಓಡಿಹೋಗಿದ್ದ, ಬೇರೆ ಡ್ರೈವರ್ ಹುಡುಕಿ ತರಬೇಕಾಯಿತು.

ಟೀ ಅಂಗಡಿ ಖಾಲಿಯಾಯಿತಂತೆ. ಅಬ್ಬಾಸ್ ಕುಡಿದ ಲೋಟವನ್ನು ಯಾರೂ ಮುಟ್ಟಲಿಲ್ಲವಂತೆ.

ಆಮೇಲೆ ಆದದ್ದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇತ್ತು. ಊರಿಗೆ ಸಿಡುಬೋ ಕಾಲರಾನೋ ಬಂದರೆ ಮಾರಿ ಬಂದಿದ್ದಾಳೆ ಎಂದು, ಮೊರದಲ್ಲಿ ಒಂದು ಮರದ ಗೊಂಬೆ, ಅರಿಶಿನ, ಲಕ್ಕಿ ಸೊಪ್ಪು ಇಟ್ಟು, ತಮಟೆ ಬಡಿದುಕೊಂಡು ಹೋಗಿ ಗಡಿಯಲ್ಲಿ ಬಿಟ್ಟು, ತಿರುಗಿ ನೋಡದೆ ಬರುವುದು. ಆಚೆ ಊರಿನವರು ಅದನ್ನು ಕಂಡ ಕೂಡಲೇ ತಮ್ಮ ಇನ್ನೊಂದು ಗಡಿಗೆ ಸಾಗಿಸಬೇಕು. ಹಾಗೆ ಊರಿಂದೂರಿಗೆ ಮಾರಿ ಹೋಗುತ್ತಾ ಹೋಗುತ್ತಾ ಕಣ್ಮರೆಯಾಗುತ್ತಾಳೆ. ಎಷ್ಟೋ ವರ್ಷದಿಂದ ಯಾರೂ ಅದನ್ನು ಮಾಡಿರಲಿಲ್ಲ. ಈಗ ಬಾಳೆಗದ್ದೆಯವರು ನಾಲ್ಕು ಪೆಟ್ಟಿಗೆಗಳ ಮೇಲೂ ಕಾಫಿ ಗಿಡಕ್ಕೆ ಹೊಡೆಯುವ ಗಮಾಕ್ಸಿನ್ ಪುಡಿ ಎರಚಿ, ಮೇಲೆ ಅರಿಶಿನ ನೀರು ಹಾಕಿ, ಲಕ್ಕಿ ಸೊಪ್ಪು ಸಿಕ್ಕಿಸಿ, ಎತ್ತಿನ ಗಾಡಿಯಲ್ಲಿ ಮೂಡಲ ಗಡಿಗೆ ಕೊಂಡುಹೋಗಿ ಬಿಟ್ಟರು. ಆಚೆ ಊರಿನವರು ಅದನ್ನು ಇನ್ನೊಂದು ಗಡಿಗೆ ದಾಟಿಸಿದರು. ಅಲ್ಲಿಂದ ಹೊನ್ನೆಕೊಪ್ಪಲಿನ ಗಡಿಗೆ. ರಂಗಪ್ಪ ಸೈಕಲ್ಲಿನಲ್ಲಿ ದೂರದಿಂದ ಹಿಂಬಾಲಿಸುತ್ತಲೇ ಇದ್ದ. "ಗೋರ್ಮೆಂಟ್ ಪ್ರಾಪರ್ಟಿ ಕಣ್ರೋ, ಮಳೇಲಿ ಬುಟ್ರೆ ಹಾಳಾಗೋಯ್ತದೆ" ಎಂದು ಕೂಗಿದರೆ, "ಹಂಗಾರೆ ಬಾ, ನಿನ್ ಮನೇಲಿಟ್ಕೋ" ಎನ್ನುತ್ತಿದ್ದರಂತೆ. ಅವನು ಸುಮ್ಮನಾಗಿ ಟಾರ್ಪಾಲು ಹೊದಿಸಲು ಮಾತ್ರ ಕೇಳಿಕೊಳ್ಳುತ್ತಿದ್ದನಂತೆ, ಅದೂ ದೂರದಿಂದ.

ನಾನು ಇದನ್ನೆಲ್ಲ ಕೇಳುತ್ತಾ ಮೊದಲು ಯೋಚಿಸಿದ್ದು ಫೋನಿನ ಬಗ್ಗೆ. ಮಗಳ ದನಿ ಕೇಳಿಸಬೇಕಾದ ಯಂತ್ರ ಗಾಡಿಯ ಮೇಲೆ ಊರೂರು ಸುತ್ತುತ್ತಿದೆ ಎಂದು. ಅತ್ತೆಯೇ ಹೇಳಿದ್ದು, ಬಚ್ಚಲಿಗೆ ಸೌದೆ ಒಟ್ಟುತ್ತಾ, ನನ್ನ ಮುಖ ನೋಡದೆ: "ಪೆಟ್ಟಿಗೇನೇ ಹಿಂಗೆ ಮಾಡೋರು, ಹುಡುಗಿ ಬಂದ್ರೆ ಏನು ಮಾಡ್ತಾರೆ?"

ಅವತ್ತಿನಿಂದ ಎರಡು ಭಯವಾಯಿತು. ಒಂದು, ಅವಳು ಬರುವುದಿಲ್ಲ ಎಂದು. ಇನ್ನೊಂದು, ಅವಳು ಬರುತ್ತಾಳೆ ಎಂದು. ಯಸಳೂರಿನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದರೆ ಓಡಿಹೋಗಿ ಗೇಟಿನಲ್ಲಿ ನಿಲ್ಲುತ್ತಿದ್ದೆ. ಯಾರೂ ಇಳಿಯದಿದ್ದರೆ ಅಳು. ಇಳಿದವರು ಅವಳಲ್ಲದಿದ್ದರೆ, ಏನು ಹೇಳಲಿ, ಒಂದು ಕ್ಷಣ ಹಗುರ. ಸಿಸ್ಟರುಗಳು ಕಲಿಸಿದ ಪ್ರೇಯರುಗಳು, ಮರೆತೇಹೋಗಿವೆ ಎಂದುಕೊಂಡಿದ್ದವು, ಬಾಯಿಗೆ ಬರತೊಡಗಿದವು. ಅತ್ತೆಯ ದೇವರ ಮುಂದೆ ಕೂತು ಮೇರಿ ಮಾತೆಯನ್ನು ಕರೆಯುತ್ತಿದ್ದೆ. ಅತ್ತೆ ಬೇಡ ಎನ್ನಲಿಲ್ಲ.

ಪೆಟ್ಟಿಗೆಗಳು ಕೊನೆಗೆ ಬಂದು ನಿಂತದ್ದು ನಮ್ಮ ಗೇಟಿನ ಮುಂದೆ. ಹೊನ್ನೆಕೊಪ್ಪಲಿನವರು ಗಡಿಕಲ್ಲಿನ ಹತ್ತಿರ ತಂದರು. ಬಾಳೆಗದ್ದೆಯವರು ಮತ್ತೆ ನಮ್ಮೂರಿಗೇ ಬರುತ್ತಿದೆಯಲ್ಲ ಎಂದು ಅಡ್ಡ ಬಂದರು. ಎರಡೂ ಕಡೆ ದೊಣ್ಣೆ. ಮಧ್ಯೆ ಗಾಡಿ, ಮೂತಿಗೆ ಬಟ್ಟೆ ಕಟ್ಟಿದ ಎತ್ತುಗಳು. ಬಾಳೆಗದ್ದೆಯ ಪಟೇಲ ಪುಟ್ಟೇಗೌಡ ಕಂಬಳಿ ಹೊದ್ದು ಕಲ್ಲಿನ ಪಕ್ಕ ನಿಂತಿದ್ದ. ಅವನ ಹೆಂಡತಿ ನಂಜಮ್ಮನೂ ಹೆಂಗಸರ ಗುಂಪಿನಲ್ಲಿದ್ದಳು. ನಮ್ಮ ತೋಟಕ್ಕೆ ಹಣ್ಣು ಕೊಯ್ಯಲು ಬರುತ್ತಿದ್ದವಳು, ವೀಣಾಳನ್ನು ಎತ್ತಿ ಆಡಿಸಿದವಳು.

"ಪೊಲೀಸ್ ಕೇಸ್ ಆಗುತ್ತೆ ಪುಟ್ಟೇಗೌಡ" ಎಂದರು ನಮ್ಮವರು.

"ಕೇಸು ಆಮೇಲೆ ನೋಡ್ಕಬೋದು ಸಾವ್ಕಾರ್ರೇ. ಪ್ಲೇಗ್ ಬಂದ್ರೆ ಆಮೇಲೆ ಅನ್ನೋದೇ ಇರಾಕಿಲ್ಲ."

ಯಾರೋ ಹಿಂದಿನಿಂದ, ಎಲ್ಲಾದರೂ ಹೊಳೆಗೆ ಹಾಕಿಬಿಡೋಣ ಎಂದರು. ರಂಗಪ್ಪ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. ಅದು ಧೈರ್ಯವೂ ಅಲ್ಲ, ಹೆದರಿ ಹೆದರಿ ಸಾಕಾಗಿತ್ತು. ಗೇಟು ತೆಗೆದೆ.

"ನಮ್ಮ ಹಳೇ ಸ್ಟೋರ್ ಖಾಲಿ ಇದೆ. ಕಾಫಿ ಬರೋದಕ್ಕೆ ಇನ್ನೂ ಎರಡು ತಿಂಗಳಿದೆ. ಅಲ್ಲಿ ಇಡಿ" ಎಂದೆ. "ಆದರೆ ಒಂದು ಮಾತು ಕೊಡಬೇಕು. ನನ್ನ ಮಗಳು ಬಂದರೆ ಅವಳೂ ಅಲ್ಲೇ ಇರ್ತಾಳೆ. ಅವಳನ್ನ ಯಾರೂ ಗಡಿ ದಾಟಿಸಬಾರದು."

 ಅವಳು ಎಲ್ಲಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ರಂಗಪ್ಪನ ಬೋರ್ಡು ಇದ್ದಷ್ಟು ದಿನ ನಮ್ಮ ಮನೆಯ ಯಾವ ಸುದ್ದಿ ಊರಿಗೆ ಗೊತ್ತಿರಲಿಲ್ಲ? ನಮ್ಮವರು ನನ್ನ ತೋಳು ಹಿಡಿದರು, ಒಳಗೆ ಬಾ ಎಂಬಂತೆ. ಆಗ ಅತ್ತೆ ಮೆಟ್ಟಿಲಿಳಿದು ಕೋಲೂರಿಕೊಂಡು ಬಂದರು.

"ಪುಟ್ಟೇಗೌಡ, ನಿಮ್ಮಜ್ಜಿ ಹೇಳಿಲ್ವೇನೋ ನಿಂಗೆ? ಗಡಿ ಮ್ಯಾಲೆ ಕೂತವಳಿಗೆ ಎರಡೂ ಊರಿಂದ ಎಡೆ ಬರಬೇಕು. ಎದ್ದು ಹೋಗಾವರ್ಗೂ ದಿನಾ ಬರಬೇಕು. ಉಪವಾಸ ಕೆಡವಿದ್ರೆ ತಿರುಗಿ ಊರಿಗೇ ಬರ್ತಾಳೆ."

ಪಟೇಲ ತಲೆ ಕೆರೆದುಕೊಂಡ. ನಂಜಮ್ಮ ಹೆಂಗಸರ ಗುಂಪಿನಿಂದ ಹೇಳಿದಳು, "ಆಯ್ತು ದೊಡ್ಡವ್ವ. ನಾನು ತಂದಿಡ್ತೀನಿ."

ಎಡೆಯ ಆ ಕಟ್ಟಳೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಯಾರ ಬಾಯಲ್ಲೂ ಕೇಳಿಲ್ಲ. ಅತ್ತೆ ಅಲ್ಲೇ ನಿಂತು ಹುಟ್ಟಿಸಿದರೋ ಏನೋ. ಅವರಿರುವವರೆಗೂ ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ.

ಮರುದಿನ ಮಧ್ಯಾಹ್ನ ನಂಜಮ್ಮ ಬಾಳೆಎಲೆಯಲ್ಲಿ ಅನ್ನ, ಹುರುಳಿ ಸಾರು ತಂದು ಗಡಿಕಲ್ಲಿನ ಮೇಲಿಟ್ಟು ಹೋದಳು. ಹೊನ್ನೆಕೊಪ್ಪಲಿನಿಂದ ರೊಟ್ಟಿ ಬಂತು. ಕಾಗೆಗಳು ತಿಂದವು. "ನಮ್ಮ ಟೆಲಿಫೋನ್ ಊಟ ಮಾಡ್ತು" ಎಂದು ನಮ್ಮವರು ಜೋಕ್ ಮಾಡಿದರು. ಮನೆಯಲ್ಲಿ ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ವೀಣಾ ಬಂದದ್ದು ಅಬ್ಬಾಸರ ಲಾರಿಯಲ್ಲಿ. ಸಾಯಂಕಾಲದ ಮಂಜು ಇಳಿಯುತ್ತಿತ್ತು. ಲಾರಿ ಗಡಿಕಲ್ಲಿನ ಹತ್ತಿರ ನಿಂತಿತು. ಅಬ್ಬಾಸ್ ಇಳಿದು ನನ್ನ ಕಡೆ ನಡೆದು ಬಂದರು. "ಅಮ್ಮಾ, ಸಕಲೇಶಪುರದ ಸ್ಟೇಷನ್ ಹೊರಗೆ ಒಬ್ಳೇ ನಿಂತಿದ್ಲು. ಕೆಮ್ಮಿದ್ಲು ಅಂತ ಬಸ್ಸಿನವ್ರು ಹತ್ತಿಸ್ಕೊಳ್ಳಿಲ್ಲ."

"ನಿಮಗೆ ಭಯ ಆಗಲಿಲ್ವಾ ಅಬ್ಬಾಸ್?"

"ಆಯ್ತಲ್ಲಮ್ಮಾ. ಎರಡೂ ಕಡೆ ಗಾಜು ಇಳಿಸ್ಕೊಂಡು ಬಂದೆ."

ಅವಳು ಕ್ಯಾಬಿನ್ನಿನಿಂದ ಇಳಿದಳು. ಮುಖ ಇಷ್ಟೇ ಆಗಿತ್ತು. ಜನರೊಟ್ಟಿಗೆ ನುಗ್ಗಿ ಬೊಂಬಾಯಿಗೆ, ಅಲ್ಲಿಂದ ಬಸ್ಸಿನಲ್ಲಿ ಮಂಗಳೂರಿಗೆ, ಅಲ್ಲಿಂದ ಘಟ್ಟ ಹತ್ತುವ ರೈಲಿಗೆ. ಎಡಕುಮೇರಿಯಲ್ಲಿ ಹಳಿಯ ಮೇಲೆ ಮಣ್ಣು ಬಿದ್ದು ರೈಲು ಬಹಳ ಹೊತ್ತು ನಿಂತಿತಂತೆ. ಅಲ್ಲಿನ ಸ್ಟೇಷನ್ ಮಾಸ್ಟರನ್ನು ಮನೆಗೊಂದು ಫೋನ್ ಹಚ್ಚಿಕೊಡಿ ಎಂದು ಕೇಳಿದಳಂತೆ. ಅವರ ಫೋನು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಮಾತ್ರ; ಹೊರಗಿನ ಲೈನು ಇದ್ದಿದ್ದರೂ ಎಲ್ಲಿಗೆ ಹಚ್ಚುತ್ತಿದ್ದರು?

"ಅಮ್ಮ, ಹತ್ತಿರ ಬರಬೇಡ" ಎಂದಳು.

ನಾನು ಮುಂದೆ ನಡೆದು ಸ್ಟೋರಿನ ಬಾಗಿಲು ತೆಗೆದೆ. ಅವಳು ಹಿಂದೆ ಬಂದಳು. ಒಳಗೆ ಹೋದ ಮೇಲೆ ನಾನೇ ಬಾಗಿಲು ಹಾಕಿಕೊಂಡೆ, ನಾನೂ ಒಳಗೇ. ಅವಳು ಬೈದಳು, ಅತ್ತಳು, ಆಮೇಲೆ ನನ್ನ ಮಡಿಲಲ್ಲಿ ತಲೆಯಿಟ್ಟಳು. ಮೈ ಸುಡುತ್ತಿತ್ತು.

ಆ ಸ್ಟೋರಿನ ದಿನಗಳು ನನಗೆ ಒಂದೇ ಉದ್ದನೆಯ ದಿನದ ಹಾಗೆ ನೆನಪಿವೆ. ನಾಲ್ಕು ಪೆಟ್ಟಿಗೆಗಳಲ್ಲಿ ಎರಡನ್ನು ಜೋಡಿಸಿ ಅವಳಿಗೆ ಮಂಚ ಮಾಡಿದೆ. ಪೆಟ್ಟಿಗೆಯ ಮೇಲೆ ಕಪ್ಪು ಬಣ್ಣದಲ್ಲಿ ಹ್ಯಾಂಡಲ್ ವಿತ್ ಕೇರ್ ಎಂದು ಬರೆದಿತ್ತು. ಬಾಣದ ಗುರುತು ಹಾಕಿ ಈ ಕಡೆ ಮೇಲೆ ಎಂದೂ. ಎಷ್ಟು ಕೊಡವಿದರೂ ಗಮಾಕ್ಸಿನ್ ಹೋಗಲಿಲ್ಲ. ಚಳಿ ಹತ್ತಿದಾಗ ಅವಳು ನಡುಗುವ ನಡುಕಕ್ಕೆ ಪೆಟ್ಟಿಗೆಯೊಳಗಿನ ತಗಡುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಫೋನು ಎಲ್ಲೋ ದೂರದಲ್ಲಿ ರಿಂಗ್ ಆಗಲು ಹೊರಟು ಆಗದೆ ಉಳಿದ ಹಾಗೆ.

ನಮ್ಮವರು ಜೀಪಿನಲ್ಲಿ ಹೋಗಿ ಸಕಲೇಶಪುರದ ನಮ್ಮ ಡಾಕ್ಟರನ್ನು ಕರೆತಂದರು. ಫೋನ್ ಇದ್ದಿದ್ದರೆ ಇನ್ನೂ ಬೇಗ ಬರುತ್ತಿದ್ದರು. ಮುಖಕ್ಕೆ ಮಫ್ಲರ್ ಸುತ್ತಿಕೊಂಡಿದ್ದರು. ಕಂಕುಳು, ತೊಡೆಯ ಸಂದು ಒತ್ತಿ ನೋಡಿದರು, ಗಂಟು ಇದೆಯಾ ಎಂದು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೊರಗೆ ಬಂದು, ಮಳೆಹನಿಯಲ್ಲಿ ನಿಂತು ಹೇಳಿದರು, "ಮಲೇರಿಯಾ ಅನ್ನಿಸುತ್ತೆ, ಲೀಲಾ. ಆಲ್ಮೋಸ್ಟ್ ಶೂರ್."

ಆ ಆಲ್ಮೋಸ್ಟ್. ನನ್ನ ಜನ್ಮದಲ್ಲಿ ಅಷ್ಟು ಇಂಗ್ಲಿಷ್ ಓದಿದ್ದೇನೆ, ಆ ಒಂದು ಪದದ ಹಾಗೆ ಯಾವುದೂ ನನ್ನನ್ನು ಹಿಡಿದು ಅಲ್ಲಾಡಿಸಿಲ್ಲ. ಎರಡಕ್ಕೂ ಮಾತ್ರೆ ಕೊಡೋಣ ಎಂದರು. ಪ್ಲೇಗಿನ ಮಾತ್ರೆ ಟೆಟ್ರಾಸೈಕ್ಲಿನ್ ಸಕಲೇಶಪುರದಲ್ಲಿ ಖಾಲಿ, ಹಾಸನದಲ್ಲೂ ಖಾಲಿ. ಜನ ಸುಮ್ಮಸುಮ್ಮನೆ ನುಂಗುತ್ತಿದ್ದರು. ಅಬ್ಬಾಸ್ ಮಂಗಳೂರಿನಿಂದ ತಂದುಕೊಟ್ಟರು.

ದಿನವೂ ಮಧ್ಯಾಹ್ನ ನಂಜಮ್ಮ ಬರುತ್ತಿದ್ದಳು. ಈಗ ಆ ಎಡೆ ಕಾಗೆಗಳಿಗಲ್ಲ, ವೀಣಾಳಿಗೆ. ಕಲ್ಲಿನ ಮೇಲೆ ಎಲೆ ಇಟ್ಟು, ನಾಲ್ಕು ಮಾರು ಹಿಂದೆ ಸರಿದು, ಎರಡೂ ಕೈ ಬಾಯಿಗಿಟ್ಟು ಕೂಗುತ್ತಿದ್ದಳು. "ಅಮ್ಮಾವ್ರೇ, ಉಂಡ್ಲಾ ಮಗ?" ಹಿಂದಿನ ದಿನದ ಊಟದ ವಿಚಾರ ಅದು. ನಾನು ಕಿಟಕಿಯ ಸರಳು ಹಿಡಿದು "ಉಂಡ್ಲು" ಎಂದು ಕೂಗುತ್ತಿದ್ದೆ. ಅರ್ಧ ಸುಳ್ಳು, ಎರಡು ತುತ್ತು ಹೋದರೆ ಹೆಚ್ಚು. ಆದರೂ ಆ ಪ್ರಶ್ನೆಗೆ ಕಾಯುತ್ತಿದ್ದೆ. ಹೊರಗಿನ ಪ್ರಪಂಚದಿಂದ ನನಗಿದ್ದ ಟ್ರಂಕ್ ಕಾಲ್ ಅದೊಂದೇ.

ಒಂದು ದಿ‌ನ ಬೆಳಗಿನಿಂದ ವೀಣಾ ಕಣ್ಣು ತೆರೆಯಲಿಲ್ಲ. ಏನೇನೋ ಬಡಬಡಿಸುತ್ತಿದ್ದವಳು ಅದನ್ನೂ ನಿಲ್ಲಿಸಿದಳು. ಹಣೆ ಕೆಂಡ, ಪಾದ ಮಂಜು. ನಮ್ಮವರು ಮತ್ತೆ ಡಾಕ್ಟರಿಗೆ ಹೋಗಿದ್ದರು. ಅತ್ತೆ ಮಂಡಿ ನೋವಿನಲ್ಲೂ ಸ್ಟೋರಿನ ಹೊರಗಿನ ಜಗುಲಿಯಲ್ಲಿ ಕೂತು ಏನೋ ಗೊಣಗುತ್ತಿದ್ದರು. ತಮ್ಮನ ಹೆಸರು ಕೇಳಿಸಿತು ನನಗೆ. ನಾನು ವೀಣಾಳ ಪಾದ ಎದೆಗೊತ್ತಿಕೊಂಡು ಕೂತಿದ್ದೆ.

"ಅಮ್ಮಾವ್ರೇ, ಉಂಡ್ಲಾ ಮಗ?"

ಬಾಯಿ ತೆರೆದೆ. ದನಿ ಬರಲಿಲ್ಲ.

"ಅಮ್ಮಾವ್ರೇ?"

ಉಂಡ್ಲು ಎನ್ನಬೇಕು, ಅಷ್ಟೇ. ಅಷ್ಟು ಹೇಳಲು ಆಗಲಿಲ್ಲ. ಇನ್ನೊಂದು ಸಲ ಕೂಗಿದಳು, ಆಮೇಲೆ ಸದ್ದಿಲ್ಲ. ಹೋದಳು ಎಂದುಕೊಂಡೆ. ಊರಿಗೆ ಹೋಗಿ ಹೇಳುತ್ತಾಳೆ, ಎಲ್ಲರೂ ಬರುತ್ತಾರೆ, ದೊಣ್ಣೆ, ಗಾಡಿ, ಮೂತಿಗೆ ಬಟ್ಟೆ ಕಟ್ಟಿದ ಎತ್ತು. ಮಗಳ ಮೇಲೆ ಬಗ್ಗಿ ಅವಳನ್ನು ಮುಚ್ಚಿಕೊಂಡೆ.

ಬಾಗಿಲಿನ ಬೆಳಕಿಗೆ ಯಾರೋ ಅಡ್ಡವಾದರು. ನಂಜಮ್ಮ ನಿಂತಿದ್ದಳು. ಸೆರಗು ಮೂಗಿಗೆ ಒತ್ತಿಕೊಂಡಿದ್ದಳು. "ಯಾಕಮ್ಮಾವ್ರೇ ಮಾತಾಡ್ಲಿಲ್ಲ?" ಎಂದು ಜೋರು ಮಾಡಿದಳು. "ಜೀವ ಹೋದಂಗಾಯ್ತು ನಂಗೆ." ಒಳಗೆ ಬಂದಳು. ಸೆರಗನ್ನು ಮೂಗಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಆಚೆ ಸರಿಸಿ, ವೀಣಾಳ ಪಾದ ತಿಕ್ಕತೊಡಗಿದಳು.

ಹೊರಗಿನಿಂದ ಅತ್ತೆ ಹೇಳಿದರು, "ನಂಜಿ, ಒಳಗೆ ಹೋದ್ಮೇಲೆ ಊರಿಗೆ ಬುಡಾಕಿಲ್ಲ ಕಣೇ ನಿನ್ನ."

"ಬುಡದಿದ್ರೆ ಬುಡ್ಲಿ ದೊಡ್ಡವ್ವ. ಅಲ್ಲಿ ಏನೈತೆ, ಒಲೆ ಊದೋದು."

ಅತ್ತೆ ಹೇಳಿದಂತೆಯೇ ಆಯಿತು. ಊರವರು ನಂಜಮ್ಮನನ್ನು ಊರೊಳಗೆ ಬಿಡಲಿಲ್ಲ. ನಮ್ಮ ಜೊತೆ ಸ್ಟೋರಿನಲ್ಲೇ ಉಳಿದಳು. ಈಗ ಎಡೆ ತರುವ ಸರದಿ ಪುಟ್ಟೇಗೌಡನದಾಯಿತು. ಪಟೇಲ ಅಡಿಗೆ ಮಾಡಿ, ಎಲೆ ಹೊತ್ತುಕೊಂಡು, ಕಲ್ಲಿನ ಹತ್ತಿರ ನಿಂತು ಸಿಡುಕುವ ದನಿಯಲ್ಲಿ "ಉಂಡ್ರಾ?" ಎಂದು ಕೂಗುತ್ತಿದ್ದ. ನಂಜಮ್ಮ ಕಿಟಕಿಯಿಂದ, "ಉಪ್ಪಿಲ್ಲ ಮಾರಾಯ, ನಾಳಿಂದ ಉಪ್ಪು ಹಾಕು" ಎನ್ನುತ್ತಿದ್ದಳು. "ಮನೇಗ್ ಬಾ, ಹಾಕ್ತೀನಿ ಉಪ್ಪ" ಎನ್ನುತ್ತಿದ್ದ ಅವನು. ಒಂದು ದಿನ ಅವರ ಜಗಳದ ಮಧ್ಯೆ ವೀಣಾ ನಕ್ಕಳು. ಮೈ ತುಂಬಾ ಬೆವತು, ಹಾಸಿಗೆಯೆಲ್ಲ ಒದ್ದೆಯಾಗಿತ್ತು. ಜ್ವರ ಇಳಿದಿತ್ತು. ಮತ್ತೆ ಏರಬಹುದೆಂದು ನಾನು ಎಷ್ಟೋ ಹೊತ್ತು ಅವಳ ಹಣೆಯಿಂದ ಕೈ ತೆಗೆಯಲಿಲ್ಲ.

ಆಮೇಲೆ ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮಲೇರಿಯಾವೇ ಎಂದಾಯಿತು. ರೇಡಿಯೋದಲ್ಲೂ ಸೂರತ್ತಿನ ಮಾತು ಕಡಿಮೆಯಾಗುತ್ತಾ ಬಂತು. ಆದರೂ ಪೆಟ್ಟಿಗೆ ಮುಟ್ಟಲು ಯಾರೂ ಬೇಗ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಎಂಜಿನಿಯರುಗಳು ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ಬಂದರು. ಊರೂರು ಸುತ್ತಿ ಕುಲುಕಾಡಿದ್ದಕ್ಕೋ, ಥಂಡಿಗೋ, ಒಳಗಿನ ಕಾರ್ಡುಗಳಲ್ಲಿ ಕೆಲವು ಕೆಟ್ಟುಹೋಗಿದ್ದವು. ಊರಿನ ಅರ್ಧ ಫೋನುಗಳಿಗೆ ಮಾತ್ರ ಜೀವ ಬರುತ್ತದೆ ಎಂದರು. ಖಾಲಿ ಪೆಟ್ಟಿಗೆಯ ಹಲಗೆಯಲ್ಲಿ ರಂಗಪ್ಪ ಕೂರುವುದಕ್ಕೆ ಬೆಂಚು ಮಾಡಿಸಿಕೊಂಡ.

ಮೊದಲ ಹಣ್ಣು ಕೊಯ್ಲಿನ ದಿನಗಳು. ನಾನು ಹಾಲ್‌ನಲ್ಲಿ ಕೂತು ಕಾಫಿ ಹಣ್ಣಿನ ಚೀಲಗಳಿಗೆ ತೇಪೆ ಹಾಕುತ್ತಿದ್ದೆ. ಫೋನು ರಿಂಗ್ ಆಯಿತು. ಅಷ್ಟು ತಿಂಗಳ ಮೇಲೆ ಆ ಸದ್ದು. ಏಳಲಿಲ್ಲ, ಸೂಜಿ ಹಿಡಿದುಕೊಂಡೇ ಕೂತೆ. ಯಾವ ಸುದ್ದಿ ಇರುತ್ತದೋ, ಯಾರದೋ ಎಂಬ ಭಯ. ಯಾರಿಗಾಗಿ ಹೆದರಬೇಕೋ ಅವಳು ಇದೇ ಮನೆಯಲ್ಲಿ, ಒಲೆಯ ಮುಂದೆ ತಲೆಗೂದಲು ಆರಿಸಿಕೊಳ್ಳುತ್ತಾ ಕೂತಿದ್ದಾಳೆಂದು ಗೊತ್ತಿದ್ದರೂ. ವೀಣಾಳೇ ಬಂದು ಎತ್ತಿದಳು.

ಫೋನ್ ಕಿವಿಗಿಡಬೇಕಿರಲಿಲ್ಲ. ಕಲ್ಲಿನ ಹತ್ತಿರ ನಿಂತು ಕೂಗಿದಷ್ಟೇ ಜೋರಾಗಿ ನಂಜಮ್ಮನ ದನಿ ಹಾಲ್ ತುಂಬಾ ಕೇಳಿಸಿತು.

"ಅಮ್ಮಾವ್ರೇ, ಉಂಡ್ಲಾ ಮಗ?"

ವೀಣಾ ನನ್ನ ಕಡೆ ನೋಡಿದಳು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಉಂಡೆ ಕಣವ್ವ" ಎಂದಳು. "ನಾನೇ ಮಾತಾಡ್ತಿರೋದು. ಉಂಡೆ."

 ವೀಣಾ "ಹಲೋ, ಹಲೋ" ಎಂದಳು. ಆಗ ರಂಗಪ್ಪನ ದನಿ ಬಂತು. ನಂಜಮ್ಮ ಮಾತಾಡುತ್ತಿದ್ದದ್ದು ಅವನ ಎಕ್ಸ್‌ಚೇಂಜಿನ ಫೋನಿನಿಂದಲೇ; ಆಟೋಮ್ಯಾಟಿಕ್ ಆದರೂ ನಡುವೆ ಅವನು ಇದ್ದೇ ಇದ್ದ.

"ತಡೀರಿ ವೀಣಮ್ಮ, ನಂಜಮ್ಮ ಅಳ್ತಾವ್ಳೆ. ಮುಗಿದ್ಮೇಲೆ ಕೊಡ್ತೀನಿ."